ತಕ್ಕಡಿ ಯಾರ ಕೈಯಲ್ಲಿದೆ?

ತುರ್ಭೆಯ ನಮ್ಮ ಆಫೀಸಿನಿಂದ ಸ್ವಲ್ಪ ದೂರ ನಡೆದರೆ ಎಪಿಎಂಸಿ ಮಾರುಕಟ್ಟೆ. ಬೇಗ ಬಂದ ದಿನ ನಾನು ಈರುಳ್ಳಿ-ಬಟಾಟೆ ವಿಭಾಗದ ಹತ್ತಿರ ಒಂದು ಚಹಾ ಕುಡಿದೇ ಒಳಗೆ ಹೋಗುವುದು. ಅಲ್ಲಿ ಮೂಟೆ ತೂಕಕ್ಕೆ ಏರುವಾಗ ಮಾರುವ ಕಡೆಯವನು ಒಂದು ಪಕ್ಕ, ಕೊಳ್ಳುವವನು ಇನ್ನೊಂದು ಪಕ್ಕ ನಿಂತಿರುತ್ತಾರೆ. ತೂಗುವವನು ಮೂರನೆಯವನು. 1963ರ ಮಹಾರಾಷ್ಟ್ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಲ್ಲಿ ವ್ಯಾಪಾರಿಗೆ, ದಲಾಲಿಗೆ ಇರುವ ಹಾಗೆ ತೂಕದವನಿಗೂ ಬೇರೆಯೇ ಲೈಸೆನ್ಸ್ ಉಂಟು. ಅವನ ತಕ್ಕಡಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕು. ಇಷ್ಟೆಲ್ಲ ಇದ್ದೂ ಅಲ್ಲಿ ಮೋಸವೇ ನಡೆಯುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಮಾರುವವನ ಕೈಗೇ ತಕ್ಕಡಿ ಕೊಡಬಾರದು ಎಂಬಷ್ಟು ತಿಳಿವಳಿಕೆ ಆ ಕಾನೂನಿಗಿದೆ.

ಚಹಾ ಮುಗಿಸಿ ನಾನು ಹೋಗುವ ಕಟ್ಟಡದಲ್ಲಿ ಅಷ್ಟು ತಿಳಿವಳಿಕೆ ಇಲ್ಲ. ಅಲ್ಲಿ ಪ್ರೊಸೆಸ್ ಇಂಪ್ರೂವ್‌ಮೆಂಟ್ ಮಾಡುವವರೇ ಅದರ ಲಾಭವನ್ನು ತೂಗುತ್ತಾರೆ. ತೂಕದ ಕಲ್ಲನ್ನು ಅವರೇ ಕಡೆಯುತ್ತಾರೆ, ಯಾವ ದಿನ ತೂಗಬೇಕೆಂದು ಅವರೇ ನಿಶ್ಚಯಿಸುತ್ತಾರೆ, ಕೊನೆಗೆ ಚೀಟಿಯನ್ನೂ ಅವರೇ ಬರೆಯುತ್ತಾರೆ. 'ಅವರು' ಎಂದೆ, ಆದರೆ ಅವರಲ್ಲಿ ನಾನೂ ಒಬ್ಬ. ಹಾಗಾಗಿ ಮೊದಲು ನನ್ನ ಲೆಕ್ಕವನ್ನೇ ಒಪ್ಪಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಈಗ ಹೆಸರು ಹೇಳದ ಒಂದು ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ಸ್ಥಾವರಗಳ ನಿಯಂತ್ರಣ ವ್ಯವಸ್ಥೆಗೆ ಬೇಕಾದ ಸಾಫ್ಟ್‌ವೇರ್ ಮಾಡುವ ವಿಭಾಗ, ಒಟ್ಟು 220 ಎಂಜಿನಿಯರುಗಳು. ಚೇಂಜ್ ರಿಕ್ವೆಸ್ಟ್ ಒಂದು ಎಕ್ಸೆಲ್‌ನಲ್ಲಿ, ರಿವ್ಯೂ ಚೆಕ್‌ಲಿಸ್ಟ್ ಇನ್ನೊಂದರಲ್ಲಿ, ಟೈಮ್‌ಶೀಟ್ ಮತ್ತೆಲ್ಲೋ ಇರುತ್ತಿತ್ತು. ಮೂರನ್ನೂ ಒಂದೇ ಕಡೆ ತರುವ ಕೆಲಸ ನನಗೆ ಬಂತು. ಮಾಡಿದೆವು. ಚೆನ್ನಾಗಿಯೇ ಆಯಿತು ಎಂದು ಈಗಲೂ ನಂಬಿದ್ದೇನೆ. ಆಮೇಲೆ ಲಾಭ ತೋರಿಸಿ ಎಂದರು.

ಹೇಗೆ ತೋರಿಸುವುದು? ಹಳೆಯ ಪದ್ಧತಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಹದಿನಾಲ್ಕು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, 'ಹೊಸ ವ್ಯವಸ್ಥೆಯಿಂದ ದಿನಕ್ಕೆ ಎಷ್ಟು ಸಮಯ ಉಳಿಯುತ್ತದೆ?' ಎಂದು ಕೇಳಿದೆ. ಒಬ್ಬ ಐದು ನಿಮಿಷ ಅಂದ, ಇನ್ನೊಬ್ಬಳು ಅರ್ಧ ಗಂಟೆ ಅಂದಳು. ಸರಾಸರಿ ಹದಿನೈದು ನಿಮಿಷದ ಆಸುಪಾಸು ಬಂತು. ಪ್ರಶ್ನೆ ಕೇಳುತ್ತಿರುವವನು ತಮ್ಮ ಮ್ಯಾನೇಜರ್, ಈ ವ್ಯವಸ್ಥೆ ಕಟ್ಟಿದವನೂ ಅವನೇ ಎಂಬುದು ಹದಿನಾಲ್ಕು ಜನರಿಗೂ ಗೊತ್ತಿತ್ತು. ಸೊನ್ನೆ ಎನ್ನುವ ಧೈರ್ಯ ಯಾರಿಗಿರುತ್ತದೆ?

ಮುಂದಿನದು ಗುಣಾಕಾರ. 220 ಜನ, ದಿನಕ್ಕೆ ಕಾಲು ಗಂಟೆ, ವರ್ಷಕ್ಕೆ 220 ಕೆಲಸದ ದಿನ. ಒಟ್ಟು 12,100 ಗಂಟೆ. ಸ್ಲೈಡಿನಲ್ಲಿ ಆ ಸಂಖ್ಯೆಯನ್ನು ಹಸಿರು ಬಣ್ಣದಲ್ಲಿ ಹಾಕಿದೆ. ಚಪ್ಪಾಳೆ ಬಿತ್ತು, ಒಂದು ಗಾಜಿನ ಫಲಕವೂ ಸಿಕ್ಕಿತು. ಅದು ಇನ್ನೂ ಮನೆಯ ಶೋಕೇಸಿನಲ್ಲಿದೆ.

ಎರಡು ತಿಂಗಳ ಮೇಲೆ ಫೈನಾನ್ಸ್ ವಿಭಾಗದಿಂದ ಒಂದು ಮೇಲ್ ಬಂತು. ಬಹಳ ಮರ್ಯಾದೆಯ ಭಾಷೆ. ಒಬ್ಬ ಮನುಷ್ಯ ವರ್ಷಕ್ಕೆ 220 ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ 1,760 ಗಂಟೆ. 12,100ನ್ನು 1,760ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಏಳು. ನಿಮ್ಮ ವಿಭಾಗದಲ್ಲಿ ಏಳು ಜನರ ಕೆಲಸ ಉಳಿತಾಯವಾಗಿದೆ, ಹಾಗಾದರೆ ಯಾವ ಏಳು ಜನ?

ನನ್ನ ಬಳಿ ಉತ್ತರ ಇರಲಿಲ್ಲ, ಯಾಕೆಂದರೆ ಸಂಖ್ಯೆ ನನ್ನದೇ. ಅದು ಸುಳ್ಳು ಎಂದರೆ ಫಲಕ ವಾಪಸು ಕೊಡಬೇಕು. ನಿಜ ಎಂದರೆ ಏಳು ಹೆಸರು ಕೊಡಬೇಕು. ಗುತ್ತಿಗೆಯ ಮೇಲಿದ್ದ ಏಳು ಮಂದಿಯ ಅವಧಿ ಮುಂದುವರಿಯಲಿಲ್ಲ. ಅದರಲ್ಲಿ ನಾಲ್ವರು ಟೆಸ್ಟಿಂಗ್‌ನವರು. ಒಬ್ಬ ಕೊಪ್ಪಳದ ಕಡೆಯ ಹುಡುಗ, ಕೋಪರಖೈರಣೆಯಲ್ಲಿ ಪಿಜಿಯಲ್ಲಿದ್ದ, ತಂಗಿಯ ಕಾಲೇಜು ಫೀಸು ಅವನೇ ಕಳಿಸುತ್ತಿದ್ದ. ಆ ಹದಿನಾಲ್ಕು ಜನರ ಕೋಣೆಯಲ್ಲಿ ಅವನೂ ಇದ್ದ. ಇಪ್ಪತ್ತು ನಿಮಿಷ ಎಂದು ಹೇಳಿದ್ದ. ಹೋಗುವ ದಿನ ನನ್ನ ಬಳಿ ಬಂದು, 'ಸರ್, ನಾ ಐದ್ ನಿಮಿಷ ಅಂದಿದ್ರ ಉಳೀತಿದ್ನೇನ್ರೀ?' ಎಂದು ನಗುತ್ತಲೇ ಕೇಳಿದ. ನನಗೆ ನಗು ಬರಲಿಲ್ಲ.

ಈಗ ಲೆಕ್ಕದ ತಪ್ಪಿಗೆ ಬರೋಣ. 220 ಜನರ ಹದಿನೈದು ಹದಿನೈದು ನಿಮಿಷಗಳನ್ನು ಗುಡಿಸಿ ಒಂದೆಡೆ ರಾಶಿ ಹಾಕಿ ಅದರಿಂದ ಏಳು ಮನುಷ್ಯರನ್ನು ಮಾಡಲು ಬರುವುದಿಲ್ಲ. ಆ ನಿಮಿಷಗಳು ಎಲ್ಲಿಗೂ ಹೋಗುವುದಿಲ್ಲ. ಒಬ್ಬ ಸ್ವಲ್ಪ ಯೋಚಿಸಿ ಕೋಡ್ ಬರೆಯುತ್ತಾನೆ, ಇನ್ನೊಬ್ಬಳು 6.10ರ ಬದಲು 5.55ರ ಠಾಣೆ ಲೋಕಲ್ ಹಿಡಿಯುತ್ತಾಳೆ, ಮತ್ತೊಬ್ಬ ಪಕ್ಕದವನಿಗೆ ಏನನ್ನೋ ವಿವರಿಸುತ್ತಾನೆ. ಇವೆಲ್ಲ ಒಳ್ಳೆಯವೇ. ಆದರೆ ಟೆಸ್ಟಿಂಗ್‌ನವನು ಹೋದರೆ ಅವನ ಇಡೀ ಎಂಟು ಗಂಟೆ ಹೋಗುತ್ತದೆ. ಚಿಲ್ಲರೆಯಾಗಿ ಬಂದ ಲಾಭಕ್ಕೆ ಸಗಟಾಗಿ ಕಡಿತ ಮಾಡಿದೆವು.

ಮರುವರ್ಷ ನಮ್ಮ ಸಾಫ್ಟ್‌ವೇರನ್ನು ಸ್ಥಾವರದಲ್ಲಿ ಕೂರಿಸಲು ಹೋದ ಸೈಟ್ ಎಂಜಿನಿಯರ್ ಒಂದು ವಾರದ ಬಟ್ಟೆ ತೆಗೆದುಕೊಂಡು ಹೋಗಿದ್ದ, ಹತ್ತೊಂಬತ್ತು ದಿನ ಇದ್ದು ಬಂದ. ರಾತ್ರಿ ಎರಡಕ್ಕೆ ನನಗೆ ಫೋನ್. ಆ ಏಳು ಜನ ಹೋದದ್ದರಿಂದಲೇ ಹೀಗಾಯಿತು ಎಂದು ನಾನು ಆಣೆ ಮಾಡಲಾರೆ. ಯಾಕೆಂದರೆ ಅದಕ್ಕೂ ಹಿಂದಿನ ವರ್ಷಗಳಲ್ಲಿ ಸೈಟಿನಲ್ಲಿ ಎಷ್ಟು ದಿನ ಕಳೆಯುತ್ತಿದ್ದರು ಎಂದು ಯಾರೂ ಒಂದು ಪಟ್ಟಿ ಮಾಡಿರಲಿಲ್ಲ. ಚೆಕ್‌ಲಿಸ್ಟ್ ತುಂಬಲು ಹಿಡಿಯುವ ನಿಮಿಷಗಳನ್ನು ಎಣಿಸಿದ ನಾವು, ಆ ಚೆಕ್‌ಲಿಸ್ಟ್ ಯಾವುದನ್ನು ತಡೆಯಲು ಇದೆಯೋ ಅದನ್ನು ಎಣಿಸಿರಲಿಲ್ಲ.

ಇದನ್ನು ಓದುವ ಹಿರಿಯ ಸಹೋದ್ಯೋಗಿಗಳು ಹೇಳುವುದು ನನಗೆ ಗೊತ್ತು: 'ನಿನ್ನ ಕಂಪನಿಯ ಕಥೆ ಬಿಡು, ಪ್ರೊಸೆಸ್ ಸುಧಾರಣೆಯ ಲಾಭ ಜಗತ್ತೇ ಒಪ್ಪಿದ್ದು.' ಒಪ್ಪಿದ್ದು ಏನು ಎಂದು ನೋಡೋಣ. 1994ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಒಂದು ವರದಿ ಹೊರತಂದಿತು. ಸಿಎಂಎಂ ಮಾದರಿಯನ್ನು ಹುಟ್ಟಿಸಿದ ಸಂಸ್ಥೆಯೂ ಅದೇ. 13 ಸಂಸ್ಥೆಗಳ ಅಂಕಿಗಳು ಅದರಲ್ಲಿದ್ದವು. ಉತ್ಪಾದಕತೆ ವರ್ಷಕ್ಕೆ ಶೇ. 35 ಏರಿಕೆ, ಬಿಡುಗಡೆಯಾದ ಮೇಲೆ ವರದಿಯಾಗುವ ದೋಷಗಳಲ್ಲಿ ವರ್ಷಕ್ಕೆ ಶೇ. 39 ಇಳಿಕೆ, ಹೂಡಿದ ಒಂದು ಡಾಲರಿಗೆ ಐದು ಡಾಲರ್ ಪ್ರತಿಫಲ. ಇವು ಆ ಅಂಕಿಗಳ ಮಧ್ಯಬಿಂದುಗಳು. ಈ ಮೂರು ಸಂಖ್ಯೆಗಳು ಮೂವತ್ತು ವರ್ಷಗಳಿಂದ ಸ್ಲೈಡಿನಿಂದ ಸ್ಲೈಡಿಗೆ ಹಾರುತ್ತಿವೆ. ಜೊತೆಗಿದ್ದ ಮಾತುಗಳು ಮಾತ್ರ ದಾರಿಯಲ್ಲಿ ಉದುರಿಹೋಗಿವೆ. ದೋಷದ ಇಳಿಕೆ ಸಂಸ್ಥೆಯಿಂದ ಸಂಸ್ಥೆಗೆ ಶೇ. 10ರಿಂದ 94ರವರೆಗೆ ಚದುರಿತ್ತು. 13 ಸಂಸ್ಥೆಗಳೂ ಎಲ್ಲ ಅಂಕಿಗಳನ್ನು ಕೊಟ್ಟಿರಲಿಲ್ಲ. ಒಂದಕ್ಕೆ ಐದು ಎಂಬುದು ನಿಂತಿದ್ದದ್ದು ಬೆರಳೆಣಿಕೆಯ ಸಂಸ್ಥೆಗಳ ಮೇಲೆ. ಅವು ತಾವಾಗಿ ಮುಂದೆ ಬಂದು ಅಂಕಿ ಕೊಟ್ಟ ಸಂಸ್ಥೆಗಳು. ಫೇಲಾದವರು ಅಂಕಪಟ್ಟಿ ಹಿಡಿದು ಫೋಟೊಗೆ ನಿಲ್ಲುವುದಿಲ್ಲವಲ್ಲ. ಇವು ಎಲ್ಲರಿಗೂ ಅನ್ವಯಿಸುವ ಸಂಖ್ಯೆಗಳೆಂದು ತಿಳಿಯಬೇಡಿ ಎಂಬ ಎಚ್ಚರಿಕೆ ವರದಿಯಲ್ಲೇ ಇತ್ತು.

ನಮ್ಮ ದೇಶಕ್ಕೂ ಈ ಕಥೆಗೂ ಹಳೆಯ ನಂಟು. 1993ರಲ್ಲೇ ಬೆಂಗಳೂರಿನ ಮೊಟೊರೋಲಾ ಘಟಕ ಸಿಎಂಎಂನ ಐದನೇ ಮಟ್ಟ ಮುಟ್ಟಿತ್ತು. ಜಗತ್ತಿನಲ್ಲಿ ಆಗ ಆ ಮಟ್ಟದಲ್ಲಿದ್ದವರು ತೀರ ಕಡಿಮೆ. ಅದು ಹೆಮ್ಮೆಯ ಸಂಗತಿಯೇ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಐದನೇ ಮಟ್ಟ ಎಂಬುದು ಟೆಂಡರಿಗೆ ಬೇಕಾದ ಕಾಗದವಾಯಿತು. ಮಟ್ಟ ಸಿಕ್ಕಿತೇ ಎಂದು ಕೇಳಿದವರು ಎಷ್ಟೋ ಜನ, ಮಟ್ಟ ಸಿಕ್ಕ ಮೇಲೆ ಗ್ರಾಹಕನ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿದವರು ಕಡಿಮೆ.

ಸರಿಯಾಗಿ ಅಳೆದವರೂ ಇದ್ದಾರೆ. ಅಮೆರಿಕದ ರೇಥಿಯಾನ್ ಕಂಪನಿ 1988ರಲ್ಲಿ ಸುಧಾರಣೆ ಶುರುಮಾಡಿದಾಗ ಪ್ರಾಜೆಕ್ಟ್ ಖರ್ಚನ್ನು ಬಗೆಬಗೆಯಾಗಿ ವಿಂಗಡಿಸಿತು: ಕೆಲಸ ಮಾಡಲು ಎಷ್ಟು, ಪರೀಕ್ಷಿಸಲು ಎಷ್ಟು, ತಪ್ಪು ಆಗದಂತೆ ತಡೆಯಲು ಎಷ್ಟು, ಆದ ತಪ್ಪನ್ನು ಮತ್ತೆ ಸರಿಪಡಿಸಲು ಎಷ್ಟು. ಮೊದಲಲ್ಲಿ ಈ ಮರುಗೆಲಸವೇ ಒಟ್ಟು ಖರ್ಚಿನ ಶೇ. 40ರ ಆಸುಪಾಸು ಇತ್ತು. ಅದೇ ಅಳತೆಗೋಲನ್ನು ಬದಲಿಸದೆ ವರ್ಷ ವರ್ಷ ಅಳೆದರು. ಅದು ಅರ್ಧಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಶುರುವಾಗುವ ಮೊದಲೇ ಅಳೆದರು, ಅಳತೆಗೋಲನ್ನು ನಡುವೆ ಬದಲಿಸಲಿಲ್ಲ, ನೋವು ಕೊಡುವುದನ್ನೇ ಅಳೆದರು. ನಾವು ಈ ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ.

ಇಲ್ಲಿ ಮುಂಬೈಯವರೆಲ್ಲ ಎತ್ತುವ ಡಬ್ಬಾವಾಲಾರ ಮಾತು ಬಂದೇ ಬರುತ್ತದೆ. ಪ್ರತಿ ಟ್ರೈನಿಂಗ್‌ನಲ್ಲೂ ಒಬ್ಬರು ಎದ್ದು 'ಅವರಿಗೆ ಫೋರ್ಬ್ಸ್ ಪತ್ರಿಕೆ ಸಿಕ್ಸ್ ಸಿಗ್ಮಾ ಸರ್ಟಿಫಿಕೇಟ್ ಕೊಟ್ಟಿದೆ' ಎನ್ನುತ್ತಾರೆ. ಫೋರ್ಬ್ಸ್ 1998ರಲ್ಲಿ ಅವರ ಬಗ್ಗೆ ಬರೆದದ್ದು ಒಂದು ಲೇಖನ. ಸರ್ಟಿಫಿಕೇಟ್ ಕೊಡುವುದು ಪತ್ರಿಕೆಯ ಕೆಲಸವಲ್ಲ. ಎಷ್ಟು ಲಕ್ಷ ಡಬ್ಬಿಗೆ ಒಂದು ತಪ್ಪು ಎಂಬ ಸಂಖ್ಯೆಯೂ ಹೇಳುವವರ ಬಾಯಿಂದ ಬಾಯಿಗೆ ಬದಲಾಗುತ್ತದೆ. ಆ ಕೆಲಸದ ನಿಜವಾದ ಅಳತೆ ಬೇರೆಡೆ ಇದೆ: ಮಧ್ಯಾಹ್ನ ಡಬ್ಬಿ ಬಿಚ್ಚಿದವನಿಗೆ ತನ್ನ ಮನೆಯ ಸಾರಿನ ವಾಸನೆ ಬರಬೇಕು. ಬಾರದಿದ್ದರೆ ಅವನಿಗೆ ಆಗಲೇ ಗೊತ್ತಾಗುತ್ತದೆ, ಸಂಜೆಯೊಳಗೆ ಡಬ್ಬಾವಾಲಾನಿಗೂ ಗೊತ್ತಾಗುತ್ತದೆ. ತಕ್ಕಡಿ ಊಟ ಮಾಡುವವನ ಕೈಯಲ್ಲಿದೆ. ನಾವು ಅವರಿಂದ ಕಲಿಯಬೇಕಾದ್ದು ಅದು. ಕಲಿತದ್ದು ಸಿಗ್ಮಾ ಎಂಬ ಪದವನ್ನು.

'ಎಲ್ಲವನ್ನೂ ಅಳೆಯಲು ಆಗುವುದಿಲ್ಲ, ಕೆಲವು ಲಾಭ ಕಣ್ಣಿಗೆ ಕಾಣುವುದಿಲ್ಲ' ಎಂಬ ಇನ್ನೊಂದು ಸಮರ್ಥನೆ ಇದೆ. ಈ ಮಾತಿಗೆ ನನ್ನ ಉತ್ತರ ತುರ್ಭೆಯಿಂದ ಕೆಲವೇ ನಿಲ್ದಾಣ ಆಚೆ, ಬೇಲಾಪುರದಲ್ಲಿ ಇದೆ. ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಅಲ್ಲೇ. ನಮ್ಮಲ್ಲಿ ಅರ್ಧ ಜನ ಅದರ ಹಳಿಯ ಮೇಲೆ ಈ ಊರಿಗೆ ಬಂದವರು. 1990ರಲ್ಲಿ ನಿಗಮ ಹುಟ್ಟಿತು, 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಮಾರ್ಗ ಪೂರ್ತಿ ತೆರೆಯಿತು. ಐದು ವರ್ಷ ಕಳೆದು 2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಹತ್ತಿರ ಗುಡ್ಡದಿಂದ ಉರುಳಿದ ಬಂಡೆಗಳಿಗೆ ಬಡಿದು ಹಳಿ ತಪ್ಪಿತು. 50ಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಬರುತ್ತಿದ್ದ ಮತ್ಸ್ಯಗಂಧ ರಾಯಗಡ ಜಿಲ್ಲೆಯ ಅಂಬೋಲಿ ಬಳಿ ಸೇತುವೆಯ ಮೇಲೆ ಹಳಿ ತಪ್ಪಿತು. ಮತ್ತೆ ಹತ್ತಕ್ಕೂ ಹೆಚ್ಚು ಸಾವು.

ಆ ತಿಂಗಳು ನಾನು ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಕುಂದಾಪುರದ ಮನೆಯಲ್ಲಿದ್ದೆ. ಜುಲೈಯಲ್ಲಿ ಮುಂಬೈಗೆ ಬಂದು ಕೆಲಸಕ್ಕೆ ಸೇರಬೇಕಿತ್ತು. ಮತ್ಸ್ಯಗಂಧದ ಟಿಕೇಟು ಜೇಬಿನಲ್ಲಿತ್ತು. ಅಮ್ಮ ಅದನ್ನು ರದ್ದು ಮಾಡಿಸಿ ಬಸ್ಸಿನಲ್ಲಿ ಕಳಿಸಿದಳು.

ಆ ಎರಡು ಅಪಘಾತಗಳ ಮೇಲೆ ಕೊಂಕಣ ರೈಲ್ವೆ ತನ್ನ ಕೆಲಸದ ರೀತಿಯನ್ನೇ ಬದಲಿಸಿತು. ಗುಡ್ಡದ ಇಳಿಜಾರು ಕಡಿಮೆ ಮಾಡಿದರು, ಬಂಡೆ ತಡೆಯಲು ಉಕ್ಕಿನ ಬಲೆ ಕಟ್ಟಿದರು, ಮಳೆಗಾಲದಲ್ಲಿ ಹಗಲೂ ರಾತ್ರಿ ಹಳಿಯ ಮೇಲೆ ಗಸ್ತು ಹಾಕಿದರು, ನಿಲ್ದಾಣಗಳಲ್ಲಿ ತಾವಾಗಿಯೇ ಮಳೆ ದಾಖಲಿಸುವ ಮಾಪಕ ಇಟ್ಟರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಬೇರೆ ವೇಳಾಪಟ್ಟಿ. ಜೋರು ಮಳೆಯಲ್ಲಿ ಮುಂದಿನದು ಕಾಣದಿದ್ದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಿ ಎಂದು ಚಾಲಕರಿಗೆ ಸೂಚನೆ.

ಈಗ ಈ ಸುಧಾರಣೆಯ ಲಾಭವನ್ನು ನಮ್ಮ ಆಫೀಸಿನ ತಕ್ಕಡಿಯಲ್ಲಿ ತೂಗಿ ನೋಡಿ. ಒಂದು ರೈಲಿನಲ್ಲಿ ಸಾವಿರ ಜನ ಎಂದುಕೊಳ್ಳಿ, ತಲಾ ಒಂದು ಗಂಟೆ ತಡ ಎಂದುಕೊಳ್ಳಿ. ಒಂದು ಪ್ರಯಾಣಕ್ಕೆ ಸಾವಿರ ಗಂಟೆ ನಷ್ಟ. ಮಳೆಗಾಲ ಪೂರ್ತಿ, ಎಲ್ಲ ರೈಲಿಗೆ ಗುಣಿಸಿದರೆ ಕೆಂಪು ಬಣ್ಣದ ಭಾರೀ ಸಂಖ್ಯೆ ಬರುತ್ತದೆ. ಗಸ್ತಿನವರ ಸಂಬಳವೂ ಸೇರಿಸಿ. ನನ್ನ ಆ ಹಸಿರು ಸ್ಲೈಡಿನ ತರ್ಕವನ್ನು ಬೇಲಾಪುರಕ್ಕೆ ಒಯ್ದರೆ, ಮೊದಲ ಬೇಸಿಗೆಯಲ್ಲೇ ಗಸ್ತು ರದ್ದಾಗುತ್ತದೆ. ಬೇಸಿಗೆಯಲ್ಲಿ ಒಂದು ಬಂಡೆಯೂ ಬೀಳುವುದಿಲ್ಲವಲ್ಲ!

ಹಾಗಾದರೆ ಆಗದೇ ಹೋದ ಅಪಘಾತವನ್ನು ಅಳೆಯುವುದು ಹೇಗೆ? ನೇರವಾಗಿ ಆಗುವುದಿಲ್ಲ. ಆದರೆ ಅದರ ಹಿಂದಿನ ಮೆಟ್ಟಿಲುಗಳನ್ನು ಅಳೆಯಬಹುದು: ಬಲೆಗೆ ಸಿಕ್ಕ ಬಂಡೆಗಳು ಎಷ್ಟು, ಗಸ್ತಿನವನು ಕೆಂಪು ದೀಪ ತೋರಿಸಿ ರೈಲು ನಿಲ್ಲಿಸಿದ್ದು ಎಷ್ಟು ಸಲ, ಯಾವ ಕಣಿವೆಯಲ್ಲಿ ಎಷ್ಟು ಮಳೆಗೆ ಮಣ್ಣು ಜಾರಿತು. ಇವೆಲ್ಲ ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ಸಂಗತಿಗಳು. ಕೆಲಸ ಮುಗಿಯಿತು ಎಂದು ಫಲಕ ಕೊಟ್ಟು ಮನೆಗೆ ಹೋಗುವಂತೆಯೂ ಇಲ್ಲ. 2024ರ ಜುಲೈನಲ್ಲಿ ಗೋವಾದ ಪೆಡ್ನೆಯ ಸುರಂಗದೊಳಗೆ ನೀರು ಉಕ್ಕಿತು, ಅದರ ಹಿಂದೆಯೇ ಖೇಡ್ ಬಳಿ ಮಣ್ಣು ಕುಸಿಯಿತು. ರೈಲುಗಳು ರದ್ದಾದವು, ದಾರಿ ಬದಲಿಸಿದವು. ಊರಿಗೆ ಹೊರಟವರು ಠಾಣೆ, ಪನವೇಲಿನಲ್ಲಿ ಚೀಲ ಹಿಡಿದು ಕೂತರು, ಶಾಪ ಹಾಕಿದರು. ಆದರೆ ಹೊರಡದೆ ಕೂತವರು ಅವರು. 2003ರಲ್ಲಿ ಹೊರಟವರು ಊರು ಸೇರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವೇ ಸುಧಾರಣೆಯ ಲಾಭ. ಅದನ್ನು ಗಂಟೆಯಲ್ಲಿ ಬರೆದರೆ ನಷ್ಟ ಎಂದೇ ಕಾಣುತ್ತದೆ.

ಅಳೆಯಲಾಗದ್ದನ್ನು ನಿರ್ವಹಿಸಲಾಗದು ಎಂಬ ಮಾತನ್ನು ಗುಣಮಟ್ಟದ ಗುರು ಡೆಮಿಂಗ್ ಹೆಸರಿನಲ್ಲಿ ಗೋಡೆಗೆ ಅಂಟಿಸುವುದನ್ನು ನೀವೂ ನೋಡಿದ್ದೀರಿ. ಆ ಮಹಾನುಭಾವ ಬರೆದದ್ದು ಅದಕ್ಕೆ ತದ್ವಿರುದ್ಧ: ಹಾಗೆ ತಿಳಿಯುವುದು ದುಬಾರಿ ಭ್ರಮೆ ಎಂದು. ಅಳತೆ ಬೇಡ ಎಂದು ನಾನೂ ಹೇಳುತ್ತಿಲ್ಲ. ಕೈಗೆ ಸುಲಭವಾಗಿ ಸಿಗುವುದನ್ನು ಅಳೆದು, ಅಳೆಯಬೇಕಾದ್ದನ್ನು ಅಳೆದೆವು ಎಂದು ಹೇಳಬೇಡಿ ಎನ್ನುತ್ತಿದ್ದೇನೆ.

ಐರೋಳಿ, ಮಹಾಪೆ, ತುರ್ಭೆಯ ಕಟ್ಟಡಗಳಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಮುಂದೆಯೂ ವರ್ಷದ ಕೊನೆಗೆ 'ಉಳಿತಾಯ' ಎಂಬ ಕಾಲಂ ಬರುತ್ತದೆ. ತುಂಬುವ ಮೊದಲು ನಾಲ್ಕು ಮಾತು ಕೇಳಿ. ಸುಧಾರಣೆಗೆ ಮೊದಲಿನ ಸ್ಥಿತಿಯನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಇಲ್ಲವಾದರೆ ಆ ಕಾಲಂ ಖಾಲಿ ಬಿಡಿ. ಹೊಸ ವ್ಯವಸ್ಥೆ ಕಲಿಯಲು, ತುಂಬಲು, ಆಡಿಟ್‌ಗೆ ತಯಾರಾಗಲು ಎಂಜಿನಿಯರುಗಳು ಕಳೆದ ಗಂಟೆಗಳನ್ನು ಖರ್ಚಿನ ಕಡೆ ಹಾಕಿದ್ದಾರೆಯೇ? ತೂಗಿದವರು ಯಾರು: ವ್ಯವಸ್ಥೆ ಕಟ್ಟಿದವರೋ, ಅದರ ಫಲ ಉಣ್ಣುವ ಸೈಟ್‌ನವರೋ? ಕೊನೆಯದಾಗಿ, 'ಇದರಿಂದ ಲಾಭ ಆಗಲಿಲ್ಲ' ಎಂದು ಬರೆದವನ ಕೆಲಸ ಉಳಿಯುತ್ತದೆಯೇ? ಆ ಉತ್ತರ ಬರೆಯಲು ಬಿಡದ ಜಾಗದಲ್ಲಿ 'ಲಾಭ ಆಯಿತು' ಎಂಬ ಉತ್ತರಕ್ಕೂ ಬೆಲೆ ಇಲ್ಲ.

'ಲಾಭ ತೋರಿಸದಿದ್ದರೆ ಬಜೆಟ್ ಸಿಗುವುದಿಲ್ಲ, ಒಳ್ಳೆಯ ಕೆಲಸವೂ ನಿಂತುಹೋಗುತ್ತದೆ' ಎನ್ನುವಿರಿ. ನಿಜ, ನಾನೂ ಹಾಗೆಂದೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಊಹಿಸಿದ ನಿಮಿಷಗಳಿಂದ ಪಡೆದ ಬಜೆಟ್ಟಿಗೆ ಯಾರೋ ಒಬ್ಬರು ನಿಜವಾದ ಸಂಬಳ ತೆರುತ್ತಾರೆ. ನನ್ನ ವಿಷಯದಲ್ಲಿ ಏಳು ಜನ ತೆತ್ತರು.

ಕಂಪನಿ ಬದಲಿಸಿದ್ದೇನೆ, ಕಾಲಂ ಬದಲಾಗಿಲ್ಲ. ಈ ಸಲದ ವರದಿ ಬರುವ ಸೋಮವಾರ ಹೋಗಬೇಕು. ಉಳಿತಾಯದ ಜಾಗದಲ್ಲಿ 'ಮೊದಲಿನ ಅಳತೆ ಇಲ್ಲ. ಈ ವರ್ಷದಿಂದ ಸೈಟಿನ ದಿನಗಳನ್ನು ಸೈಟ್ ತಂಡವೇ ದಾಖಲಿಸುತ್ತಿದೆ. ಮುಂದಿನ ವರ್ಷ ಹೇಳುತ್ತೇವೆ' ಎಂದು ಬರೆದಿಟ್ಟಿದ್ದೇನೆ. ಮೇಲಿನವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಪ್ಪಳದ ಆ ಹುಡುಗ ಈಗ ಪುಣೆಯಲ್ಲಿದ್ದಾನೆ, ಹಬ್ಬಕ್ಕೊಂದು ಮೆಸೇಜು ಹಾಕುತ್ತಾನೆ. ಅವನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಸೋಮವಾರ ಆದ ಮೇಲೆ ಫೋನ್ ಮಾಡಬೇಕು.